"ವಾಕಿಂಗ್ ಹೋಗು, ಎಲ್ಲಾ ಸರಿಹೋಗುತ್ತೆ" ಅನ್ನೋ ಮಾತಿಗೆ ಬಯಾಲಜಿ ಏನ್ ಹೇಳುತ್ತೆ?

ಮನೇಲಿ ಯಾರಿಗಾದ್ರೂ ಡಿಪ್ರೆಶನ್ ಅಂತ ಡಾಕ್ಟ್ರು ಹೇಳಿದ ಮಾರನೇ ದಿನದಿಂದ್ಲೇ ಶುರುವಾಗೋ ಮಾತು ಇದು. ಚಿಕ್ಕಪ್ಪ ಹೇಳ್ತಾರೆ, ಪಕ್ಕದ ಮನೆ ಆಂಟಿ ಹೇಳ್ತಾರೆ, ಫ್ಯಾಮಿಲಿ ವಾಟ್ಸಾಪ್ ಗ್ರೂಪಲ್ಲಿ ಸೂರ್ಯೋದಯದ ಫೋಟೋ ಮೇಲೆ ಬರೆದು ಕಳಿಸ್ತಾರೆ, ಬೆಳಗ್ಗೆ ಎದ್ದು ಒಂದರ್ಧ ಗಂಟೆ ವಾಕಿಂಗ್ ಹೋಗು, ಎಲ್ಲಾ ಸರಿಹೋಗುತ್ತೆ. ನನ್ನ ದೊಡ್ಡಮ್ಮನ ಮಗನಿಗೂ ಇದನ್ನೇ ಹೇಳ್ತಿದ್ರು, ಅವನಿಗೆ ಆಗ ಎದ್ದು ಹಲ್ಲುಜ್ಜೋಕೇ ಮಧ್ಯಾಹ್ನ ಆಗ್ತಿತ್ತು. ಆ ಮಾತು ಕಿವಿಗೆ ಬಿದ್ದಾಗೆಲ್ಲ ನನಗೆ ಮೈ ಉರಿಯೋದು, ಕಾಯಿಲೇನ ಸೋಮಾರಿತನ ಅಂದ್ಕೊಂಡಿದಾರಲ್ಲ ಅಂತ. ಆಮೇಲೆ ಇದರ ಬಗ್ಗೆ ಓದ್ತಾ ಹೋದ ಹಾಗೆ ಸಿಟ್ಟೇನೂ ಇಳೀಲಿಲ್ಲ, ಆದ್ರೆ ಸಿಟ್ಟಿನ ಜಾಗ ಬದಲಾಯ್ತು. ಯಾಕಂದ್ರೆ ಆ ವಾಕ್ಯದಲ್ಲಿ "ವಾಕಿಂಗ್" ಅನ್ನೋ ಪದ ಸೈನ್ಸ್ ಲೆಕ್ಕದಲ್ಲಿ ಸಾಕಷ್ಟು ಗಟ್ಟಿಯಾಗೇ ಇದೆ. ಎಡವಟ್ಟಿರೋದು "ಹೋಗು" ಅನ್ನೋದ್ರಲ್ಲಿ, ಮತ್ತೆ ಆ "ಎಲ್ಲಾ" ಅನ್ನೋದ್ರಲ್ಲಿ.

ಮೊದ್ಲು ಏರೋಬಿಕ್ ಅಂದ್ರೆ ಏನು ಅಂತ ಕ್ಲಿಯರ್ ಮಾಡ್ಕೊಳ್ಳೋಣ. ಟಿವಿಲಿ ಬಣ್ಣಬಣ್ಣದ ಬಟ್ಟೆ ಹಾಕ್ಕೊಂಡು ಮ್ಯೂಸಿಕ್‌ಗೆ ಕುಣಿಯೋದು ಅಂತ ಎಷ್ಟೋ ಜನ ಅಂದ್ಕೊಂಡಿದಾರೆ, ಅದೂ ಸೇರುತ್ತೆ ಅನ್ನಿ, ಆದ್ರೆ ದೊಡ್ಡ ದೊಡ್ಡ ಸ್ನಾಯುಗಳು ತುಂಬಾ ಹೊತ್ತು ಒಂದೇ ಲಯದಲ್ಲಿ ಕೆಲಸ ಮಾಡಿ, ಎದೆಬಡಿತ ಏರಿ, ಉಸಿರು ಜೋರಾಗೋ ಯಾವುದೇ ಚಟುವಟಿಕೆ ಏರೋಬಿಕ್ಕೇ. ಬಿರುಸು ನಡಿಗೆ, ಓಟ, ಸೈಕಲ್, ಈಜು. ಮಾತಾಡೋಕಾಗುತ್ತೆ ಆದ್ರೆ ಹಾಡೋಕಾಗಲ್ಲ ಅನ್ನೋಷ್ಟು ಉಸಿರು ಬಂದ್ರೆ ಸಾಧಾರಣ ಮಟ್ಟಕ್ಕೆ ಬಂದ್ರಿ ಅಂತ. ಪಾರ್ಕಲ್ಲಿ ಫ್ರೆಂಡ್ ಜೊತೆ ಸೊಸೆ ವಿಷಯ ಮಾತಾಡ್ತಾ ಹೋಗೋ ನಡಿಗೆ ಬಹುಶಃ ಆ ಲೆಕ್ಕಕ್ಕೆ ಬರಲ್ಲ.

ಇನ್ನು ಎಲ್ರೂ ಹೇಳೋ ಎಂಡಾರ್ಫಿನ್ ಕಥೆ. ಓಡಿದ್ರೆ ಎಂಡಾರ್ಫಿನ್ ಬಿಡುಗಡೆ ಆಗುತ್ತೆ, ಖುಷಿ ಆಗುತ್ತೆ, ಡಿಪ್ರೆಶನ್ ಹೋಗುತ್ತೆ. ಜಿಮ್ ಗೋಡೆ ಮೇಲೆ ಬರೆಯೋಕೆ ಚೆನ್ನಾಗಿದೆ. ಆದ್ರೆ ರಕ್ತದಲ್ಲಿ ಏರೋ ಎಂಡಾರ್ಫಿನ್ ಅಷ್ಟು ಸುಲಭವಾಗಿ ಮೆದುಳಿನೊಳಗೆ ದಾಟೋದೇ ಇಲ್ಲ, ರಕ್ತಕ್ಕೂ ಮೆದುಳಿಗೂ ನಡುವೆ ಒಂದು ಬಿಗಿಯಾದ ಕಾವಲು ಗೋಡೆ ಇದೆ. 2021ರಲ್ಲಿ ಜರ್ಮನಿಯ ಒಂದು ತಂಡ ಎಂಡಾರ್ಫಿನ್ ಕೂರೋ ಜಾಗಗಳನ್ನೇ ನಾಲ್ಟ್ರೆಕ್ಸೋನ್ ಅನ್ನೋ ಔಷಧಿ ಕೊಟ್ಟು ಬ್ಲಾಕ್ ಮಾಡಿ ಜನರನ್ನ ಓಡಿಸ್ತು, ಆದ್ರೂ ಓಡಿದ ಮೇಲಿನ ಹಗುರ, ಖುಷಿ ಹಾಗೇ ಇತ್ತು. ಆ ಹಗುರಕ್ಕೆ ಕಾರಣ ದೇಹದಲ್ಲೇ ತಯಾರಾಗೋ ಗಾಂಜಾ ತರದ ಅಣುಗಳು, ಅಂದ್ರೆ ಎಂಡೋಕ್ಯಾನಬಿನಾಯ್ಡ್‌ಗಳು ಇರಬಹುದು ಅನ್ನೋ ಕಡೆ ಈಗ ಸಂಶೋಧಕರು ಹೆಚ್ಚು ವಾಲಿದಾರೆ. ಏನೇ ಆಗ್ಲಿ, ಓಡಿದ ಒಂದು ಗಂಟೆಯ ಖುಷಿಗೂ ತಿಂಗಳುಗಟ್ಟಲೆ ಕಾಡೋ ಕಾಯಿಲೆ ಇಳಿಯೋದಕ್ಕೂ ತುಂಬಾ ವ್ಯತ್ಯಾಸ ಇದೆ. ನಮಗೆ ಬೇಕಾಗಿರೋದು ಎರಡನೇದರ ಲೆಕ್ಕ.

ಅದಕ್ಕೆ ನನಗೆ ಎಲ್ಲಕ್ಕಿಂತ ಇಷ್ಟವಾದ ಸುಳಿವು ಸಿಕ್ಕಿರೋದು ಮೆದುಳಲ್ಲಲ್ಲ, ಕಾಲಿನ ಮಾಂಸದಲ್ಲಿ.

ನಾವು ತಿನ್ನೋ ಬೇಳೆ, ಹಾಲು, ಮೊಟ್ಟೆಯಲ್ಲಿ ಟ್ರಿಪ್ಟೊಫ್ಯಾನ್ ಅನ್ನೋ ಅಮೈನೊ ಆಮ್ಲ ಇರುತ್ತೆ. ಅದರಿಂದ ಮೂಡ್ ಜೊತೆ ನಂಟಿರೋ ಸೆರೊಟೊನಿನ್ ಆಗುತ್ತೆ ಅಂತ ಸಾಮಾನ್ಯವಾಗಿ ಕೇಳಿರ್ತೀರ, ಆದ್ರೆ ಅದು ಸಣ್ಣ ಪಾಲು ಅಷ್ಟೆ, ಒಡೆಯೋ ಟ್ರಿಪ್ಟೊಫ್ಯಾನ್‌ನ ಬಹುಪಾಲು ಹೋಗೋದು ಕೈನುರೆನಿನ್ ಅನ್ನೋ ಇನ್ನೊಂದು ದಾರಿಗೆ. ದೇಹದಲ್ಲಿ ಉರಿಯೂತ, ಅಂದ್ರೆ ರೋಗನಿರೋಧಕ ವ್ಯವಸ್ಥೆ ಕೆರಳಿ ಎಬ್ಬಿಸೋ ಪ್ರತಿಕ್ರಿಯೆ, ಜಾಸ್ತಿ ಆದಾಗ, ಅಥವಾ ಸ್ಟ್ರೆಸ್ ಎಳೆದು ಎಳೆದು ಬಂದಾಗ, ಈ ದಾರಿ ಇನ್ನೂ ಅಗಲ ಆಗುತ್ತೆ, ಕೈನುರೆನಿನ್ ಹೆಚ್ಚಾಗುತ್ತೆ, ಅದು ಆ ಕಾವಲು ಗೋಡೆ ದಾಟಿ ಮೆದುಳಿಗೆ ಹೋಗುತ್ತೆ, ಅಲ್ಲಿ ಕ್ವಿನೋಲಿನಿಕ್ ಆಮ್ಲ ಅನ್ನೋದಾಗಿ ಬದಲಾಗಿ ನರಕೋಶಗಳನ್ನ ಅತಿಯಾಗಿ ಕೆರಳಿಸುತ್ತೆ. 2014ರಲ್ಲಿ ಸ್ಟಾಕ್‌ಹೋಮ್‌ನ ಕರೊಲಿನ್ಸ್ಕಾ ಇನ್‌ಸ್ಟಿಟ್ಯೂಟ್‌ನಲ್ಲಿ ಹೋರ್ಹೆ ರುವಾಸ್ ಅವರ ತಂಡ ಇಲಿಗಳಲ್ಲಿ ಒಂದು ಸಂಗತಿ ತೋರಿಸ್ತು. ತರಬೇತಿ ಪಡೆದ ಸ್ನಾಯುವಿನಲ್ಲಿ ಪಿಜಿಸಿ-1 ಆಲ್ಫಾ ಅನ್ನೋ ಪ್ರೊಟೀನ್ ಏರುತ್ತೆ, ಅದು ಏರಿದ್ರೆ ಸ್ನಾಯುವಿನಲ್ಲಿ ಒಂದು ಜಾತಿಯ ಕಿಣ್ವಗಳು ಹೆಚ್ಚಾಗಿ ರಕ್ತದಲ್ಲಿರೋ ಕೈನುರೆನಿನ್‌ನ ಹಿಡ್ಕೊಂಡು ಕೈನುರೆನಿಕ್ ಆಮ್ಲ ಮಾಡಿಬಿಡ್ತವೆ. ಹೆಸರು ಹತ್ರ ಹತ್ರ ಒಂದೇ ಥರ ಇದ್ರೂ ಈ ಎರಡನೇದಕ್ಕೆ ಮೆದುಳಿನ ಗೋಡೆ ದಾಟೋಕಾಗಲ್ಲ. ಅಂದ್ರೆ ತೊಡೆಯ ಮಾಂಸ ಲಿವರ್ ಥರ ಕೂತ್ಕೊಂಡು ಕಸ ಸೋಸ್ತಾ ಇದೆ. ಸ್ನಾಯುವಿನಲ್ಲಿ ಈ ಪ್ರೊಟೀನ್ ಜಾಸ್ತಿ ಇರೋ ಹಾಗೆ ಮಾಡಿದ ಇಲಿಗಳಿಗೆ ವಾರಗಟ್ಟಲೆ ಸ್ಟ್ರೆಸ್ ಕೊಟ್ರೂ ಅವು ಡಿಪ್ರೆಶನ್ ಥರದ ವರ್ತನೆ ತೋರಿಸ್ಲಿಲ್ಲ, ಮಾಮೂಲಿ ಇಲಿಗಳು ತೋರಿಸಿದ್ವು. (ಕೈನುರೆನಿಕ್ ಆಮ್ಲವನ್ನ 1853ರಲ್ಲಿ ಲೀಬಿಗ್ ಮೊದ್ಲು ಕಂಡುಹಿಡಿದಿದ್ದು ನಾಯಿ ಉಚ್ಚೇಲಿ, ಗ್ರೀಕ್‌ನಲ್ಲಿ ಆ ಹೆಸರಿನ ಅರ್ಥವೂ ಅದೇ. ಮೂಡ್ ಬಗ್ಗೆ ಇಷ್ಟು ಮುಖ್ಯವಾದ ಅಣುವಿಗೆ ಎಂಥಾ ಹುಟ್ಟೂರು ನೋಡಿ.)

ಎರಡು ವರ್ಷ ಬಿಟ್ಟು ಮನುಷ್ಯರ ಸ್ನಾಯುವನ್ನೂ ನೋಡಿದ್ರು. ದೂರದ ಓಟ, ಸೈಕ್ಲಿಂಗ್ ಥರ ಸಹನಶಕ್ತಿಯ ವ್ಯಾಯಾಮ ಮಾಡೋರಲ್ಲಿ ಆ ಕಿಣ್ವಗಳು ಹೆಚ್ಚಿದ್ವು, ವ್ಯಾಯಾಮದ ನಂತರ ರಕ್ತದಲ್ಲಿ ಕೈನುರೆನಿಕ್ ಆಮ್ಲವೂ ಏರ್ತಿತ್ತು. ಸರಿ, ಹಾಗಿದ್ರೆ ಕೇಸ್ ಕ್ಲೋಸಾ? ಇಲ್ಲ. ಇವೆಲ್ಲ ಆರೋಗ್ಯವಂತರಲ್ಲಿ ಸಿಕ್ಕ ಫಲಿತಾಂಶ, ಡಿಪ್ರೆಶನ್ ಇರೋ ಜನರಲ್ಲಿ ಕೆಲವು ವಾರ ವ್ಯಾಯಾಮ ಮಾಡಿಸಿ ನೋಡಿದಾಗ ಚಿತ್ರ ಇಷ್ಟು ನೀಟಾಗಿ ಬಂದಿಲ್ಲ. ಈ ವಿಷಯದಲ್ಲಿ ಪದೇ ಪದೇ ಹೀಗೇ ಆಗುತ್ತೆ, ಇಲಿಯಲ್ಲಿ ಅದ್ಭುತ, ಆರೋಗ್ಯವಂತರಲ್ಲಿ ಚೆನ್ನಾಗಿದೆ, ಕಾಯಿಲೆ ಇರೋರ ಹತ್ರ ಬಂದ ತಕ್ಷಣ ಗೋಜಲು.

ಬಿಡಿಎನ್‌ಎಫ್ ಕಥೆಯೂ ಇದೇ. ಇದು ಮೆದುಳಲ್ಲಿ ತಯಾರಾಗೋ ಒಂದು ಪ್ರೊಟೀನ್, ನರಕೋಶಗಳಿಗೆ ಗೊಬ್ಬರ ಇದ್ದ ಹಾಗೆ ಅಂತ ಹೇಳ್ತಾರೆ, ಹೋಲಿಕೆ ಸವಕಲಾದ್ರೂ ತಪ್ಪಿಲ್ಲ. 1995ರಲ್ಲಿ ಕ್ಯಾಲಿಫೋರ್ನಿಯಾದ ಅರ್ವೈನ್‌ನಲ್ಲಿ ಕಾರ್ಲ್ ಕಾಟ್‌ಮನ್ ತಂಡ, ಚಕ್ರದಲ್ಲಿ ಓಡಿದ ಇಲಿಗಳ ಮೆದುಳಲ್ಲಿ ಬಿಡಿಎನ್‌ಎಫ್ ಏರುತ್ತೆ ಅಂತ ತೋರಿಸ್ತು. 1999ರಲ್ಲಿ ಸಾಕ್ ಇನ್‌ಸ್ಟಿಟ್ಯೂಟ್‌ನೋರು ಓಡೋ ವಯಸ್ಕ ಇಲಿಗಳ ಹಿಪ್ಪೊಕ್ಯಾಂಪಸ್‌ನಲ್ಲಿ ಹೊಸ ನರಕೋಶಗಳೇ ಜಾಸ್ತಿ ಹುಟ್ತವೆ ಅಂದ್ರು. ಹಿಪ್ಪೊಕ್ಯಾಂಪಸ್ ನೆನಪಿನ ಕೇಂದ್ರ, ಸ್ಟ್ರೆಸ್ ಹಾರ್ಮೋನಿಗೆ ಬ್ರೇಕ್ ಹಾಕೋದ್ರಲ್ಲೂ ಅದರ ಕೈ ಇದೆ, ವರ್ಷಗಟ್ಟಲೆ ಡಿಪ್ರೆಶನ್ ಅನುಭವಿಸಿದೋರಲ್ಲಿ ಅದು ಸರಾಸರಿ ಸ್ವಲ್ಪ ಚಿಕ್ಕದಾಗಿರುತ್ತೆ ಅಂತ ಬಹಳ ಸ್ಕ್ಯಾನ್‌ಗಳು ಹೇಳಿವೆ. 2011ರಲ್ಲಿ ಬಂದ ಸ್ಟಡಿಯನ್ನಂತೂ ನೀವು ಎಲ್ಲಾದ್ರೂ ಓದೇ ಇರ್ತೀರ, 120 ಜನ ವಯಸ್ಸಾದೋರು, ಅರ್ಧ ಜನಕ್ಕೆ ವಾರಕ್ಕೆ ಮೂರು ದಿನ 40 ನಿಮಿಷದ ನಡಿಗೆ, ಉಳಿದೋರಿಗೆ ಸ್ಟ್ರೆಚಿಂಗ್, ಒಂದು ವರ್ಷ ಆದ ಮೇಲೆ ನಡೆದೋರ ಹಿಪ್ಪೊಕ್ಯಾಂಪಸ್ ಸುಮಾರು 2 ಪರ್ಸೆಂಟ್ ದೊಡ್ಡದಾಗಿತ್ತು, ಇನ್ನೊಂದು ಗುಂಪಿನಲ್ಲಿ ವಯಸ್ಸಿಗೆ ತಕ್ಕ ಹಾಗೆ ಕುಗ್ಗಿತ್ತು. ಇದನ್ನ ಹಿಡ್ಕೊಂಡು "ನಡಿಗೆಯಿಂದ ಡಿಪ್ರೆಶನ್ ಮೆದುಳು ಮತ್ತೆ ಬೆಳೆಯುತ್ತೆ" ಅಂತ ನೂರಾರು ವಿಡಿಯೋ ಬಂದಿವೆ. ಆ 120 ಜನರಲ್ಲಿ ನೋಡ್ತಿದ್ದಿದ್ದು ವಯಸ್ಸಿನ ಪರಿಣಾಮ, ಅದು ಡಿಪ್ರೆಶನ್ ಸ್ಟಡಿನೇ ಅಲ್ಲ. ಡೆನ್ಮಾರ್ಕ್‌ನಲ್ಲಿ ಡಿಪ್ರೆಶನ್ ಇರೋರಿಗೇ ಮೂರು ತಿಂಗಳು ಏರೋಬಿಕ್ ವ್ಯಾಯಾಮ ಮಾಡಿಸಿ ಸ್ಕ್ಯಾನ್ ಮಾಡಿದಾಗ ಹಿಪ್ಪೊಕ್ಯಾಂಪಸ್ ಗಾತ್ರದಲ್ಲಿ ಅಂಥಾ ವ್ಯತ್ಯಾಸ ಸಿಗ್ಲಿಲ್ಲ. ಮೂರು ತಿಂಗಳು ಸಾಕಾಗ್ಲಿಲ್ವೋ, ನಿಜವಾಗ್ಲೂ ಆಗಲ್ವೋ, ಎರಡಕ್ಕೂ ಜಾಗ ಇದೆ.

ಇನ್ನೊಂದು ಟೆಕ್ನಿಕಲ್ ತೊಡಕು ಇದೆ, ಇದನ್ನ ಯಾರೂ ಹೇಳಲ್ಲ. ಮನುಷ್ಯರ ಮೆದುಳಲ್ಲಿ ಎಷ್ಟು ಬಿಡಿಎನ್‌ಎಫ್ ಇದೆ ಅಂತ ಅಳೆಯೋಕಾಗಲ್ಲ, ತೋಳಿಗೆ ಸೂಜಿ ಚುಚ್ಚಿ ರಕ್ತದಲ್ಲಿ ಅಳೀತಾರೆ. ರಕ್ತದಲ್ಲಿರೋ ಬಿಡಿಎನ್‌ಎಫ್‌ನ ಬಹುಭಾಗ ಪ್ಲೇಟ್‌ಲೆಟ್‌ಗಳ ಹೊಟ್ಟೇಲಿರುತ್ತೆ, ರಕ್ತ ಹೆಪ್ಪುಗಟ್ಟೋವಾಗ ಆಚೆ ಬರುತ್ತೆ. ಹಾಗಾಗಿ ಲ್ಯಾಬ್‌ನಲ್ಲಿ ಟ್ಯೂಬ್ ಎಷ್ಟು ಹೊತ್ತು ಇಟ್ಟಿದ್ರು ಅನ್ನೋದರ ಮೇಲೂ ನಂಬರ್ ಬದಲಾಗಬಹುದು.

ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಯೋಗದ ಮೇಲೆ ಇದೇ ಪ್ರಶ್ನೆ ಕೇಳಿದ್ರು. 2013ರಲ್ಲಿ ಅಲ್ಲಿನ ಗಂಗಾಧರ್, ತೀರ್ಥಳ್ಳಿ ಮತ್ತಿತರರ ತಂಡ ಡಿಪ್ರೆಶನ್ ಪೇಷೆಂಟ್‌ಗಳನ್ನ ಯೋಗ ಮಾತ್ರ, ಯೋಗ ಮತ್ತು ಮಾತ್ರೆ, ಮಾತ್ರೆ ಮಾತ್ರ ಅಂತ ಮೂರು ಗುಂಪಾಗಿ ನೋಡಿ ಪ್ರಕಟಿಸಿದ್ರು. ಯೋಗ ಮಾಡಿದೋರಲ್ಲಿ ಲಕ್ಷಣಗಳು ಚೆನ್ನಾಗೇ ಇಳಿದಿದ್ವು, ಕಾರ್ಟಿಸಾಲ್ ಅನ್ನೋ ಸ್ಟ್ರೆಸ್ ಹಾರ್ಮೋನ್ ಇಳಿದಿದ್ದೂ ಬಿಡಿಎನ್‌ಎಫ್ ಏರಿದ್ದೂ ಲಕ್ಷಣ ಇಳಿಯೋದ್ರ ಜೊತೆ ಸಂಬಂಧ ತೋರಿಸಿದ್ವು. ಒಳ್ಳೆ ಕೆಲಸ, ಆದ್ರೆ ಯಾರು ಯಾವ ಗುಂಪಿಗೆ ಅನ್ನೋದನ್ನ ಚೀಟಿ ಎತ್ತಿ ತೀರ್ಮಾನ ಮಾಡಿರ್ಲಿಲ್ಲ, ಯೋಗ ಬೇಕು ಅಂತ ತಾನಾಗೇ ಬಂದೋರು ಮೊದಲೇ ಸ್ವಲ್ಪ ಬೇರೆ ಥರದ ಜನ ಇರಬಹುದಲ್ವಾ. ಯೋಗ ಪೂರ್ತಿ ಏರೋಬಿಕ್ ಅಲ್ಲ ಅನ್ನೋದೂ ನೆನಪಿರ್ಲಿ. ಹಾಗಿದ್ರೂ ಅದೇ ಬಿಡಿಎನ್‌ಎಫ್, ಅದೇ ಕಾರ್ಟಿಸಾಲ್ ಅಲ್ಲೂ ಅಲುಗಾಡಿದ್ರೆ, ಈ ಬದಲಾವಣೆ ಓಟದ್ದೋ ಅಥವಾ ಮನುಷ್ಯ ಚೇತರಿಸ್ಕೊಂಡಾಗ ತಾನಾಗೇ ಆಗೋದೋ ಅನ್ನೋ ಅನುಮಾನ ಬರಲೇಬೇಕು.

ಈಗ ಉರಿಯೂತಕ್ಕೆ ಬರ್ತೀನಿ, ನನ್ನ ಪ್ರಕಾರ ಇಡೀ ವಿಷಯದ ಗಂಟು ಇಲ್ಲೇ ಇರೋದು.

ಜ್ವರ ಬಂದಾಗ ಏನಾಗುತ್ತೆ ನೆನಪಿಸ್ಕೊಳ್ಳಿ. ಊಟ ಸೇರಲ್ಲ, ಯಾರ ಜೊತೇನೂ ಮಾತು ಬೇಡ, ಲೈಟ್ ಆರಿಸಿ ಕಂಬಳಿ ಹೊದ್ದು ಗೋಡೆ ಕಡೆ ತಿರುಗಿ ಮಲಗಿದ್ರೆ ಸಾಕು ಅನ್ಸುತ್ತೆ. ಇದು ಸೋಂಕಿನ ರೋಗಾಣು ಮಾಡ್ಸೋದಲ್ಲ, ನಮ್ಮದೇ ರೋಗನಿರೋಧಕ ಕೋಶಗಳು ಬಿಡೋ ಟಿಎನ್‌ಎಫ್ ಆಲ್ಫಾ, ಇಂಟರ್‌ಲ್ಯೂಕಿನ್‌ನಂಥ ಸಂದೇಶವಾಹಕಗಳು ಮೆದುಳಿಗೆ "ಮಲಗು, ಶಕ್ತಿ ಉಳಿಸು" ಅಂತ ಹೇಳೋದು. ಹೆಪಟೈಟಿಸ್ ಸಿಗೆ ಹಿಂದೆ ಇಂಟರ್‌ಫೆರಾನ್ ಇಂಜೆಕ್ಷನ್ ಕೊಡ್ತಿದ್ರು, ಅದು ಇಂಥದ್ದೇ ಒಂದು ಸಂದೇಶವಾಹಕ, ತಿಂಗಳುಗಟ್ಟಲೆ ತಗೊಂಡೋರಲ್ಲಿ ಸುಮಾರು ಮೂರನೇ ಒಂದು ಭಾಗ ಜನಕ್ಕೆ ಪಕ್ಕಾ ಡಿಪ್ರೆಶನ್ ಬರ್ತಿತ್ತು. ಡಿಪ್ರೆಶನ್ ಇರೋ ಎಲ್ಲರಲ್ಲೂ ಉರಿಯೂತ ಇರಲ್ಲ, ಆದ್ರೆ ಒಂದು ಗುಂಪಿನಲ್ಲಿ ಸಣ್ಣ ಮಟ್ಟದಲ್ಲಿ ಸದಾ ಬೂದಿ ಮುಚ್ಚಿದ ಕೆಂಡದ ಹಾಗೆ ಇರುತ್ತೆ, ಸಿಆರ್‌ಪಿ ಅನ್ನೋ ಬ್ಲಡ್ ಟೆಸ್ಟ್‌ನಲ್ಲಿ ಅದರ ಸುಳಿವು ಸಿಗುತ್ತೆ.

2013ರಲ್ಲಿ ಅಟ್ಲಾಂಟಾದ ಎಮೊರಿ ಯೂನಿವರ್ಸಿಟಿಯಲ್ಲಿ ಒಂದು ಚೆಂದದ ಪ್ರಯೋಗ ಆಯ್ತು. ಮಾತ್ರೆಗಳಿಗೆ ಬಗ್ಗದ ಡಿಪ್ರೆಶನ್ ಇರೋ 60 ಜನರಿಗೆ, ಕೀಲುವಾತಕ್ಕೆ ಕೊಡೋ ಇನ್‌ಫ್ಲಿಕ್ಸಿಮ್ಯಾಬ್ ಅನ್ನೋ ಟಿಎನ್‌ಎಫ್ ತಡೆಯೋ ಔಷಧಿ ಅಥವಾ ಬರೀ ಸಲೈನ್ ಕೊಟ್ರು. ಒಟ್ಟು ಲೆಕ್ಕ ನೋಡಿದ್ರೆ ಎರಡೂ ಸಮ, ಔಷಧಿ ಫೇಲ್. ಆದ್ರೆ ಯಾರ ಸಿಆರ್‌ಪಿ 5ಕ್ಕಿಂತ ಜಾಸ್ತಿ ಇತ್ತೋ ಅವರನ್ನ ಮಾತ್ರ ಬೇರೆ ತೆಗೆದು ನೋಡಿದ್ರೆ ಔಷಧಿ ಕೆಲಸ ಮಾಡೋ ಲಕ್ಷಣ ಕಾಣ್ತು, ಕಮ್ಮಿ ಇದ್ದೋರಲ್ಲಿ ಸಲೈನೇ ವಾಸಿ ಅನ್ನೋ ಹಾಗಿತ್ತು. ಒಂದೇ ಕಾಯಿಲೆ ಹೆಸರು, ಒಳಗೆ ಬೇರೆ ಬೇರೆ ಯಂತ್ರ ಓಡ್ತಿದೆ.

ಅದೇ ವರ್ಷ ಟೆಕ್ಸಾಸ್‌ನಿಂದ ವ್ಯಾಯಾಮದ ಬಗ್ಗೆ ಇದಕ್ಕೆ ಜೋಡಿ ಅನ್ನಬಹುದಾದ ಫಲಿತಾಂಶ ಬಂತು. ಮಾತ್ರೆ ತಗೊಂಡ್ರೂ ಪೂರ್ತಿ ಹುಷಾರಾಗದ 126 ಜನಕ್ಕೆ ಮಾತ್ರೆ ಜೊತೆಗೇ ಕಮ್ಮಿ ಅಥವಾ ಹೆಚ್ಚು ಡೋಸ್ ಏರೋಬಿಕ್ ವ್ಯಾಯಾಮ ಕೊಟ್ಟಿದ್ದ ಟ್ರಯಲ್ ಅದು, ಡಾಲಸ್‌ನಲ್ಲಿ ನಡೆದಿದ್ದು. ಅವರ ರಕ್ತದ ಸ್ಯಾಂಪಲ್ ತೆಗೆದು ನೋಡಿದ್ರೆ, ಶುರುವಿನಲ್ಲೇ ಟಿಎನ್‌ಎಫ್ ಆಲ್ಫಾ ಜಾಸ್ತಿ ಇದ್ದೋರಿಗೆ ವ್ಯಾಯಾಮದಿಂದ ಹೆಚ್ಚು ಲಾಭ ಆಗಿತ್ತು. ಟಿಎನ್‌ಎಫ್ ಜಾಸ್ತಿ ಇರೋರಿಗೆ ಮಾಮೂಲಿ ಡಿಪ್ರೆಶನ್ ಮಾತ್ರೆಗಳು ಅಷ್ಟಾಗಿ ನಾಟಲ್ಲ ಅಂತ ಬೇರೆ ಸ್ಟಡಿಗಳು ಹೇಳಿದ್ವು, ಅಂದ್ರೆ ಮಾತ್ರೆ ಕೈಕೊಡೋ ಜನಕ್ಕೇ ವ್ಯಾಯಾಮ ಕೈಹಿಡಿಯೋ ಸಾಧ್ಯತೆ ಇದೆ. ಇದಕ್ಕೆ ದೇಹದೊಳಗಿನ ದಾರಿಯೂ ಗೊತ್ತಿದೆ. ಕೆಲಸ ಮಾಡೋ ಸ್ನಾಯು ತಾನೇ ಇಂಟರ್‌ಲ್ಯೂಕಿನ್-6 ಬಿಡುತ್ತೆ, ಹೆಸರು ಕೇಳಿದ್ರೆ ಉರಿಯೂತದ ಅಣು, ಆದ್ರೆ ಸ್ನಾಯುವಿನಿಂದ ಸ್ವಲ್ಪ ಹೊತ್ತು ಬಂದು ಹೋಗೋವಾಗ ಅದು ಟಿಎನ್‌ಎಫ್‌ನ ತಗ್ಗಿಸಿ ಉರಿಯೂತ ಆರಿಸೋ ಅಣುಗಳನ್ನ ಎಬ್ಬಿಸುತ್ತೆ ಅಂತ ಕೋಪನ್‌ಹೇಗನ್‌ನ ಬೆಂಟೆ ಪೆಡರ್ಸನ್ ತಂಡ ವರ್ಷಗಳ ಕಾಲ ಕೆಲಸ ಮಾಡಿ ತೋರಿಸಿದೆ. ಹೊಟ್ಟೆಯೊಳಗಿನ ಕೊಬ್ಬು ಕರಗಿದ ಹಾಗೆಲ್ಲ ಅಲ್ಲಿಂದ ಬರೋ ಉರಿಯೂತದ ಮೂಲವೂ ಕಮ್ಮಿ ಆಗುತ್ತೆ, ಆದ್ರೆ ಅದಕ್ಕೆ ತಿಂಗಳುಗಳು ಬೇಕು.

ಈಗ ವ್ಯಂಗ್ಯ ನೋಡಿ. ಉರಿಯೂತದ ಅಣುಗಳು ಮೆದುಳಿನ ಡೋಪಮಿನ್ ವ್ಯವಸ್ಥೆಯನ್ನೂ ಮಂಕು ಮಾಡ್ತವೆ, ಡೋಪಮಿನ್ ಅಂದ್ರೆ ಬರೀ ಖುಷಿ ಅಲ್ಲ, "ಇದಕ್ಕೆ ಇಷ್ಟು ಶ್ರಮ ಹಾಕೋದು ವರ್ತ್" ಅಂತ ಲೆಕ್ಕ ಹಾಕಿ ಮೈಯನ್ನ ಎಬ್ಬಿಸೋ ವ್ಯವಸ್ಥೆ. ಆ ವ್ಯವಸ್ಥೆ ಮಂಕಾದೋರಿಗೆ ಶೂ ಲೇಸ್ ಕಟ್ಟೋದೂ ಬೆಟ್ಟ ಹತ್ತಿದ ಹಾಗೆ. ಹಾಗಾದ್ರೆ ಯಾರ ಒಳಗಿನ ಬಯಾಲಜಿಗೆ ವ್ಯಾಯಾಮ ಎಲ್ಲರಿಗಿಂತ ಹೆಚ್ಚು ಹೊಂದುತ್ತೋ ಅವರನ್ನೇ ಅದೇ ಬಯಾಲಜಿ ಹಾಸಿಗೆಗೆ ಕಟ್ಟಿಹಾಕಿರಬಹುದು. ಜ್ವರದಲ್ಲಿ ಕಂಬಳಿ ಹೊದ್ದೋನಿಗೆ "ಎದ್ದು ಓಡು" ಅಂತ ಯಾರೂ ಹೇಳಲ್ಲ, ಯಾಕಂದ್ರೆ ಥರ್ಮಾಮೀಟರ್ ತೋರಿಸುತ್ತೆ. ಇಲ್ಲಿ ತೋರ್ಸೋಕೆ ಏನೂ ಇಲ್ಲ, ಅದಕ್ಕೆ ಚಿಕ್ಕಪ್ಪ ಸೋಫಾ ಮೇಲೆ ಕೂತು ಕಾಫಿ ಕುಡೀತಾ "ಹೋಗು" ಅಂತಾರೆ.

"ಹೋಗು" ಅಂತ ಹೇಳೋದು ಎಷ್ಟು ಕೆಲಸ ಮಾಡುತ್ತೆ ಅಂತ ಒಂದು ಟ್ರಯಲ್ಲೇ ಆಗಿದೆ ಗೊತ್ತಾ. ಇಂಗ್ಲೆಂಡ್‌ನ ಬ್ರಿಸ್ಟಲ್, ಎಕ್ಸೆಟರ್ ಕಡೆ 361 ಡಿಪ್ರೆಶನ್ ಪೇಷೆಂಟ್‌ಗಳಲ್ಲಿ ಅರ್ಧ ಜನಕ್ಕೆ ಮಾಮೂಲಿ ಚಿಕಿತ್ಸೆ, ಇನ್ನರ್ಧ ಜನಕ್ಕೆ ಅದರ ಜೊತೆ ಒಬ್ಬ ತರಬೇತಾದ ಸಲಹೆಗಾರ ಬಂದು ಹೇಗೆ ಚಟುವಟಿಕೆ ಹೆಚ್ಚಿಸ್ಕೊಳ್ಳೋದು ಅಂತ ತಿಂಗಳುಗಟ್ಟಲೆ ಪ್ರೋತ್ಸಾಹ ಕೊಡೋದು. 2012ರಲ್ಲಿ ಫಲಿತಾಂಶ ಬಂತು, ಆ ಜನ ತಾವು ಹೆಚ್ಚು ಚಟುವಟಿಕೆ ಮಾಡ್ತಿದೀವಿ ಅಂತೇನೋ ಹೇಳಿದ್ರು, ಡಿಪ್ರೆಶನ್ ಮಾತ್ರ ಮಾಮೂಲಿ ಚಿಕಿತ್ಸೆಗಿಂತ ಹೆಚ್ಚೇನೂ ಇಳೀಲಿಲ್ಲ. ಪೇಪರ್‌ಗಳಲ್ಲಿ "ವ್ಯಾಯಾಮದಿಂದ ಡಿಪ್ರೆಶನ್‌ಗೆ ಲಾಭ ಇಲ್ಲ" ಅಂತ ಹೆಡ್‌ಲೈನ್. ಅವರು ಪರೀಕ್ಷೆ ಮಾಡಿದ್ದು ವ್ಯಾಯಾಮವನ್ನಲ್ಲ ಮಾರಾಯ್ರೇ, ಸಲಹೆಯನ್ನ.

ಮಾಡಿಸಿ ನೋಡಿದ ಟ್ರಯಲ್‌ಗಳ ಕಥೆ ಬೇರೆ. ಅಮೆರಿಕದ ಡ್ಯೂಕ್ ಯೂನಿವರ್ಸಿಟಿಯಲ್ಲಿ ಜೇಮ್ಸ್ ಬ್ಲೂಮೆಂಥಾಲ್ ತಂಡ 1999ರಲ್ಲಿ 50 ದಾಟಿದ 156 ಜನರನ್ನ ವ್ಯಾಯಾಮ, ಸರ್ಟ್ರಲಿನ್ ಅನ್ನೋ ಡಿಪ್ರೆಶನ್ ಮಾತ್ರೆ, ಎರಡೂ, ಹೀಗೆ ಹಂಚಿ 16 ವಾರ ನೋಡ್ತು, ಕೊನೇಲಿ ಮೂರೂ ಗುಂಪು ಹತ್ರ ಹತ್ರ ಒಂದೇ. ಮಾತ್ರೆ ಬೇಗ ಪರಿಣಾಮ ತೋರ್ಸಿತ್ತು, ವ್ಯಾಯಾಮ ನಿಧಾನಕ್ಕೆ ಬಂದು ಸೇರ್ಕೊಂಡಿತ್ತು. ಅದರಲ್ಲಿ ಡಮ್ಮಿ ಮಾತ್ರೆ ಗುಂಪು ಇರ್ಲಿಲ್ಲ ಅಂತ ಜನ ಆಕ್ಷೇಪ ಎತ್ತಿದ್ರು, ಸರಿಯಾದ ಆಕ್ಷೇಪವೇ. 2007ರಲ್ಲಿ 202 ಜನರ ಮೇಲೆ ಅದನ್ನೂ ಸೇರಿಸಿ ಮಾಡಿದ್ರು, ಮೇಲ್ವಿಚಾರಣೆಯಲ್ಲಿ ವ್ಯಾಯಾಮ ಮಾಡಿದೋರಲ್ಲಿ 45 ಪರ್ಸೆಂಟ್, ಮನೇಲೇ ಮಾಡ್ಕೊಂಡೋರಲ್ಲಿ 40, ಮಾತ್ರೆ ತಗೊಂಡೋರಲ್ಲಿ 47, ಡಮ್ಮಿ ಮಾತ್ರೆಯಲ್ಲಿ 31 ಪರ್ಸೆಂಟ್ ಜನ ಚೇತರಿಸ್ಕೊಂಡಿದ್ರು. ಆ 31ನ್ನ ಮರೀಬೇಡಿ, ಏನೂ ಇಲ್ಲದ ಮಾತ್ರೆ ಕೊಟ್ಟು ವಿಚಾರಿಸ್ಕೊಂಡ್ರೇ ಮೂವರಲ್ಲಿ ಒಬ್ರು ಹುಷಾರಾಗ್ತಾರೆ.

ಡೆನ್ಮಾರ್ಕ್‌ನೋರು ಇನ್ನೂ ಕಟ್ಟುನಿಟ್ಟು. 115 ಜನ, ಒಂದು ಗುಂಪಿಗೆ ಬೆವರು ಹರಿಯೋ ಏರೋಬಿಕ್, ಇನ್ನೊಂದಕ್ಕೆ ಅಷ್ಟೇ ಹೊತ್ತು ಅದೇ ಥರ ಗುಂಪಲ್ಲಿ ಮೇಲ್ವಿಚಾರಣೆಯಲ್ಲಿ ಸ್ಟ್ರೆಚಿಂಗ್. ಏರೋಬಿಕ್ ಗುಂಪಿನ ಫಿಟ್‌ನೆಸ್ ಏರ್ತು, ಡಿಪ್ರೆಶನ್ ಇಳಿದಿದ್ದು ಮಾತ್ರ ಎರಡರಲ್ಲೂ ಸಮ. ಇದನ್ನ ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಎದೆಬಡಿತ ಏರ್ಸೋದೇ ಔಷಧಿ ಆಗಿದ್ರೆ ಎರಡು ಗುಂಪಿನ ನಡುವೆ ವ್ಯತ್ಯಾಸ ಬರಬೇಕಿತ್ತು. ಸ್ಟಡಿಗಳನ್ನ ಒಟ್ಟು ಹಾಕಿ ತೂಗಿನೋಡೋ ಕಾಕ್ರೇನ್ ಸಂಸ್ಥೆಯ 2013ರ ವಿಮರ್ಶೆಯೂ ಇದನ್ನೇ ಬೇರೆ ಥರ ಹೇಳ್ತು, ಎಲ್ಲಾ ಸ್ಟಡಿ ಒಟ್ಟು ಹಾಕಿದ್ರೆ ವ್ಯಾಯಾಮಕ್ಕೆ ಮಧ್ಯಮ ಮಟ್ಟದ ಪರಿಣಾಮ ಇದೆ, ಬಿಗಿಯಾಗಿ ಮಾಡಿದ ಆರೇ ಆರು ಸ್ಟಡಿ ತಗೊಂಡ್ರೆ ಆ ಪರಿಣಾಮ ತುಂಬಾ ಸಣ್ಣದಾಗುತ್ತೆ. 2024ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಬಂದ 218 ಟ್ರಯಲ್‌ಗಳ ದೊಡ್ಡ ವಿಶ್ಲೇಷಣೆ ಮತ್ತೆ ನಡಿಗೆ, ಜಾಗಿಂಗ್, ಯೋಗ, ತೂಕ ಎತ್ತೋದು ಎಲ್ಲಕ್ಕೂ ಒಳ್ಳೆ ಅಂಕ ಕೊಟ್ಟಿದೆ, ಆದ್ರೆ ಪೇಷೆಂಟ್‌ಗೆ ತಾನು ಓಡ್ತಿದೀನಿ ಅಂತ ಗೊತ್ತಾಗದ ಹಾಗೆ ಓಡ್ಸೋಕಂತೂ ಆಗಲ್ವಲ್ಲ, ಆ ದೌರ್ಬಲ್ಯ ಎಲ್ಲಾ ಟ್ರಯಲ್‌ಗೂ ಇದ್ದಿದ್ದೇ.

ನನ್ನ ತೀರ್ಮಾನ ಹೇಳ್ಬೇಕಂದ್ರೆ, ಈ ಗೊಂದಲಕ್ಕೆ ಒಂದು ಕಾರಣ ನಾವು ಎಲ್ಲರನ್ನೂ ಒಂದೇ ಚೀಲಕ್ಕೆ ತುಂಬಿ ಸರಾಸರಿ ತೆಗೀತಿರೋದು. ಇನ್‌ಫ್ಲಿಕ್ಸಿಮ್ಯಾಬ್ ಟ್ರಯಲ್‌ನಲ್ಲೂ ಸರಾಸರಿ ಸೊನ್ನೆನೇ ಬಂದಿತ್ತು. ಉರಿಯೂತ ಇರೋರು, ಇಲ್ಲದೋರು, ದುಃಖದ ಘಟನೆಯಿಂದ ಕುಸಿದೋರು, ಮೈಯೆಲ್ಲ ಭಾರ ಅನ್ನೋರು, ನಿದ್ದೆ ಬರದೋರು, ಇಡೀ ದಿನ ನಿದ್ದೆ ಮಾಡೋರು, ಎಲ್ರಿಗೂ ಒಂದೇ ಲೇಬಲ್. ಇನ್ನೊಂದು ಕಾರಣ, ಬಯಾಲಜಿ ಬರೀ ಎದೆಬಡಿತದಿಂದ ಬದಲಾಗಲ್ಲ. ಬೆಳಗಿನ ಬೆಳಕು, ನಿಗದಿತ ಟೈಮಿಗೆ ಮನೆಯಿಂದ ಆಚೆ ಬರೋದು, "ಯಾಕೆ ನಿನ್ನೆ ಬರ್ಲಿಲ್ಲ" ಅಂತ ಕೇಳೋ ಒಬ್ರು, ಇವೂ ನಿದ್ದೆ, ಕಾರ್ಟಿಸಾಲ್, ಡೋಪಮಿನ್ ಮೇಲೆ ಕೆಲಸ ಮಾಡೋ ಇನ್‌ಪುಟ್‌ಗಳೇ. ಡೇನಿಶ್ ಸ್ಟ್ರೆಚಿಂಗ್ ಗುಂಪಿಗೂ ಇವೆಲ್ಲ ಸಿಕ್ಕಿದ್ವು.

ಜರ್ಮನಿಯ ಇನ್ನೊಂದು ಚಿಕ್ಕ ಸ್ಟಡಿ ನನಗೆ ಇದಕ್ಕೇ ಇಷ್ಟ ಆಯ್ತು. 2021ರಲ್ಲಿ ಬಂದಿದ್ದು, ಆಸ್ಪತ್ರೆಯಲ್ಲಿದ್ದ 41 ಡಿಪ್ರೆಶನ್ ಪೇಷೆಂಟ್‌ಗಳು, ಕೆಲವರಿಗೆ ಮೂರು ವಾರ ಗುಂಪಾಗಿ ಆಟ, ವ್ಯಾಯಾಮ, ಉಳಿದೋರಿಗೆ ಕೂತು ಮಾಡೋ ಚಟುವಟಿಕೆ. ತಲೆ ಮೇಲೆ ಅಯಸ್ಕಾಂತದ ಕಾಯಿಲ್ ಇಟ್ಟು ಮೆದುಳಿನ ಸಂಪರ್ಕಗಳು ಹೊಸದಕ್ಕೆ ಎಷ್ಟು ಬಗ್ತವೆ ಅಂತ ನೋಡ್ತಾರೆ, ಡಿಪ್ರೆಶನ್‌ನಲ್ಲಿ ಆ ಬಗ್ಗೋ ಗುಣ ಕಮ್ಮಿ ಆಗಿರುತ್ತೆ. ವ್ಯಾಯಾಮದ ಗುಂಪಲ್ಲಿ ಅದು ಮತ್ತೆ ಏರ್ತು, ಯಾರ ಲಕ್ಷಣ ಹೆಚ್ಚು ಇಳೀತೋ ಅವರಲ್ಲಿ ಹೆಚ್ಚು ಏರಿತ್ತು. ಇಲಿ ಅಲ್ಲ, ಆರೋಗ್ಯವಂತ ಅಜ್ಜ ಅಜ್ಜಿ ಅಲ್ಲ, ಪೇಷೆಂಟ್‌ಗಳಲ್ಲೇ. 41 ಜನ ಅಷ್ಟೇ, ಅದೂ ನಿಜ.

ಇನ್ನು ಡೋಸ್. ಡಾಲಸ್‌ನಲ್ಲೇ ನಡೆದು 2005ರಲ್ಲಿ ಪ್ರಕಟವಾದ ಸ್ಟಡಿಯಲ್ಲಿ ವಾರಕ್ಕೆ ಕೆಜಿ ತೂಕಕ್ಕೆ 17.5 ಕಿಲೋಕ್ಯಾಲರಿ ಖರ್ಚಾಗೋ ಏರೋಬಿಕ್ ಮಾಡಿದೋರ ಲಕ್ಷಣದ ಅಂಕ 47 ಪರ್ಸೆಂಟ್ ಇಳೀತು, 7 ಕಿಲೋಕ್ಯಾಲರಿ ಮಾಡಿದೋರದ್ದು 30 ಪರ್ಸೆಂಟ್, ಬರೀ ಸ್ಟ್ರೆಚಿಂಗ್ ಮಾಡಿದೋರದ್ದು 29. ಅಂದ್ರೆ ಕಮ್ಮಿ ಡೋಸು ಮಾಡಿದ್ದೂ ಒಂದೇ ಬಿಟ್ಟಿದ್ದೂ ಒಂದೇ ಅನ್ನೋ ಹಾಗೆ. ಮೂರು ದಿನದಲ್ಲಿ ಮಾಡಿದ್ರಾ ಐದು ದಿನದಲ್ಲಾ ಅನ್ನೋದರಿಂದ ವ್ಯತ್ಯಾಸ ಆಗ್ಲಿಲ್ಲ. 60 ಕೆಜಿ ಇರೋರಿಗೆ 17.5 ಅಂದ್ರೆ ವಾರಕ್ಕೆ 1,050 ಕಿಲೋಕ್ಯಾಲರಿ, ಬಿರುಸು ನಡಿಗೆ ಲೆಕ್ಕದಲ್ಲಿ ಹತ್ರ ಹತ್ರ ನಾಲ್ಕು ಗಂಟೆ. ನಾಲ್ಕು ಗಂಟೆ! ಎದ್ದು ಸ್ನಾನ ಮಾಡೋಕೆ ಆಗದೋರಿಗೆ. 2023ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಿಂದ ಬಂದ ಸ್ಟಡಿಯಲ್ಲಿ ಡಿಪ್ರೆಶನ್ ಅಥವಾ ಆತಂಕದ ಕಾಯಿಲೆ ಇದ್ದ 141 ಜನರಲ್ಲಿ ಬಹುಪಾಲು ಜನಕ್ಕೆ ಓಟ ಬೇಕಾ ಮಾತ್ರೆ ಬೇಕಾ ಅಂತ ಕೇಳಿದ್ರು, ಕೆಲವರನ್ನ ಮಾತ್ರ ಚೀಟಿ ಎತ್ತಿ ಹಂಚಿದ್ರು, ಒಟ್ಟು 96 ಜನ ಓಟಕ್ಕೆ, 45 ಜನ ಮಾತ್ರೆಗೆ. 16 ವಾರ ಆದ್ಮೇಲೆ ಎರಡೂ ಕಡೆ ಸುಮಾರು 44 ಪರ್ಸೆಂಟ್ ಚೇತರಿಕೆ. ಓಡಿದೋರ ತೂಕ, ಸೊಂಟದ ಸುತ್ತಳತೆ, ಬಿಪಿ ಎಲ್ಲಾ ಉತ್ತಮ ಆಯ್ತು, ಮಾತ್ರೆಯೋರದ್ದು ಸ್ವಲ್ಪ ಕೆಡೋ ಕಡೆ ಜಾರ್ತು. ಆದ್ರೆ ಮಾತ್ರೆಯೋರಲ್ಲಿ 82 ಪರ್ಸೆಂಟ್ ಜನ ಹೇಳಿದ ಹಾಗೆ ಮಾತ್ರೆ ತಗೊಂಡ್ರು, ಓಟದೋರಲ್ಲಿ ಹೇಳಿದಷ್ಟು ಸಲ ಬಂದೋರು 52 ಪರ್ಸೆಂಟ್. ಹೆಚ್ಚಿನೋರು ತಾವೇ ಇಷ್ಟಪಟ್ಟು ಆರಿಸ್ಕೊಂಡು, ಗುಂಪಲ್ಲಿ, ಮೇಲ್ವಿಚಾರಕರ ಜೊತೆ, ಆಮ್‌ಸ್ಟರ್‌ಡ್ಯಾಮ್‌ನಂಥ ಊರಲ್ಲಿ ಅರ್ಧ ಜನ.

ನಮ್ಮಲ್ಲಿ? ನಿಮ್ಹಾನ್ಸ್ ನೇತೃತ್ವದಲ್ಲಿ ಆದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ಡಿಪ್ರೆಶನ್ ಇರೋರಲ್ಲಿ ಸುಮಾರು 85 ಪರ್ಸೆಂಟ್ ಜನಕ್ಕೆ ಚಿಕಿತ್ಸೆನೇ ಸಿಕ್ಕಿರಲ್ಲ. 2022ರ ಅಂದಾಜಿನಲ್ಲಿ ದೇಶದ ವಯಸ್ಕರಲ್ಲಿ ಹತ್ರ ಹತ್ರ ಅರ್ಧ ಜನಕ್ಕೆ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲ, ಹೆಂಗಸರಲ್ಲಿ ಅದು 57 ಪರ್ಸೆಂಟ್. "ಮನೆಕೆಲಸ ಮಾಡ್ತಾಳಲ್ಲ, ಅದೇ ಎಕ್ಸರ್ಸೈಜು" ಅನ್ನೋ ಮಾತು ಬೇರೆ. 2017ರ ಒಂದು ದೊಡ್ಡ ವಿಶ್ಲೇಷಣೆಯಲ್ಲಿ ಬಿಡುವಿನ ವೇಳೆ ತಾವಾಗೇ ಮಾಡೋ ಚಟುವಟಿಕೆ ಒಳ್ಳೆ ಮಾನಸಿಕ ಆರೋಗ್ಯದ ಜೊತೆ ಹೋಗ್ತಿತ್ತು, ದುಡಿಮೆಯಲ್ಲಿ ಆಗೋ ಮೈಶ್ರಮ ಉಲ್ಟಾ ದಿಕ್ಕಿಗಿತ್ತು. ಸ್ನಾಯುವಿಗೆ ಕ್ಯಾಲರಿ ಲೆಕ್ಕ ಒಂದೇ ಇರಬಹುದು, ಬಗ್ಗಿ ಪಾತ್ರೆ ತಿಕ್ಕೋ ಹೆಂಗಸಿನ ಸ್ಟ್ರೆಸ್ ಹಾರ್ಮೋನಿಗೆ ಅಲ್ಲ. ಅವಳಿಗೆ ಬೇಕಾಗಿರೋದು ನಾಲ್ಕು ಗಂಟೆ ಬಿಡುವು, ಕಾಲಿಡೋಕೆ ಫುಟ್‌ಪಾತು, ಕತ್ತಲಾದ್ಮೇಲೂ ಭಯ ಇಲ್ಲದ ರಸ್ತೆ. ಇಂಗ್ಲೆಂಡ್‌ನ ನೈಸ್ ಅನ್ನೋ, ಚಿಕಿತ್ಸೆಗಳಿಗೆ ಮಾರ್ಗಸೂಚಿ ಬರೆಯೋ ಸಂಸ್ಥೆ 2022ರ ತನ್ನ ಮಾರ್ಗಸೂಚಿಯಲ್ಲಿ ಕಡಿಮೆ ತೀವ್ರತೆಯ ಡಿಪ್ರೆಶನ್‌ಗೆ ಗುಂಪು ವ್ಯಾಯಾಮವನ್ನೂ ಒಂದು ಚಿಕಿತ್ಸೆ ಆಯ್ಕೆ ಅಂತ ಪಟ್ಟಿಗೆ ಹಾಕಿದಾರೆ. "ಗುಂಪು" ಅನ್ನೋ ಪದವನ್ನ ಅವರು ಸುಮ್ನೆ ಹಾಕಿಲ್ಲ.

ನಮ್ಮ ದೊಡ್ಡಮ್ಮ ಕೊನೆಗೆ ಮಾಡಿದ್ದು ಇದನ್ನೇ, ಯಾವ ಪೇಪರೂ ಓದದೆ. ಮಗನಿಗೆ ಹೋಗು ಅನ್ನೋದು ಬಿಟ್ಟು "ನನಗೆ ಮಂಡಿ ನೋವು, ಡಾಕ್ಟ್ರು ನಡೀಬೇಕು ಅಂದಿದಾರೆ, ಒಬ್ಳೇ ಹೋಗೋಕೆ ನಾಯಿ ಕಾಟ, ಬಾರೋ" ಅಂತ ಶುರು ಮಾಡಿದ್ರು. ಮೊದಲ ತಿಂಗಳು ಬೀದಿ ತುದಿ ಅಂಗಡಿವರೆಗೆ ಅಷ್ಟೇ, ಏರೋಬಿಕ್ ಲೆಕ್ಕಕ್ಕೂ ಬರಲ್ಲ, ಎಷ್ಟೋ ದಿನ ಅದೂ ಆಗ್ತಿರ್ಲಿಲ್ಲ. ಮಾತ್ರೆ ನಡೀತಾನೇ ಇತ್ತು. ಅವನು ಚೇತರಿಸ್ಕೊಂಡಿದ್ದು ಮಾತ್ರೆಯಿಂದಲೋ ನಡಿಗೆಯಿಂದಲೋ ಟೈಮಿಂದಲೋ ಅಂತ ಬೇರ್ಪಡಿಸಿ ಹೇಳೋಕೆ ಅವನ ಸಿಆರ್‌ಪಿಯನ್ನಂತೂ ಯಾರೂ ನೋಡಿರ್ಲಿಲ್ಲ. ನೋಡಿದ್ರೂ ಅಷ್ಟೇ, ಆ ಟೆಸ್ಟ್ ಯಾವ ಲ್ಯಾಬಲ್ಲಾದ್ರೂ ಆಗುತ್ತೆ, ಆದ್ರೆ ಅದರ ನಂಬರ್ ಹಿಡ್ಕೊಂಡು ನಿನಗೆ ಓಟ, ನಿನಗೆ ಮಾತ್ರೆ ಅಂತ ಬರ್ಕೊಡೋ ಹಂತಕ್ಕೆ ಸೈನ್ಸ್ ಇನ್ನೂ ಬಂದಿಲ್ಲ, ಆ ಆಸೆ ನಿಂತಿರೋದು ಡಾಲಸ್‌ನಂಥ ಒಂದೆರಡು ಚಿಕ್ಕ ಟ್ರಯಲ್‌ಗಳ ಮೇಲೆ.

ಕೊನೇಗೆ ಪ್ರಾಕ್ಟಿಕಲ್ ಆಗಿ ಒಂದು. ಇದನ್ನ ಓದಿ ಯಾರೂ ನಡಿಗೆ ಶುರು ಮಾಡಿದೀನಿ ಅಂತ ಮಾತ್ರೆ ನಿಲ್ಲಿಸ್ಬೇಡಿ, ತಟ್ಟನೆ ನಿಲ್ಲಿಸಿದ್ರೆ ತಲೆಸುತ್ತು, ಕಿರಿಕಿರಿ, ಕಾಯಿಲೆ ಮರುಕಳಿಸೋದು ಎಲ್ಲಾ ಆಗಬಹುದು, ಕಮ್ಮಿ ಮಾಡೋದಿದ್ರೆ ಕೊಟ್ಟ ಡಾಕ್ಟ್ರನ್ನೇ ಕೇಳಿ. ಹಾರ್ಟ್ ತೊಂದರೆ ಇದ್ರೆ ಓಟಕ್ಕೆ ಮುಂಚೆ ತೋರಿಸ್ಕೊಳ್ಳಿ. ಊಟ ನಿದ್ದೆ ಬಿಟ್ಟು ಸಾಯೋ ಮಾತು ಬರ್ತಿದ್ರೆ ಅದು ವಾಕಿಂಗ್ ಟೈಮಲ್ಲ, ಆವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು. ಟೆಲಿ ಮಾನಸ್ ಸಹಾಯವಾಣಿ 14416, ಹಗಲೂ ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು.